ಕಲ್ಲಿನ ಟೈಲ್ಸ್‌ಗೂ ಗ್ರೌಟ್‌ಗೂ ಮನೆಯಲ್ಲೇ ಸೀಲರ್ ಹಚ್ಚುವುದು: ಮೊದಲು ಒಣಗಲಿ, ಆಮೇಲೆ ಡಬ್ಬಿ ತೆಗೆಯಿರಿ

ಒಂದು ಚಮಚ ನೀರು ತೆಗೆದುಕೊಂಡು ನಿಮ್ಮ ಮನೆಯ ಕಲ್ಲಿನ ಟೈಲ್ಸ್ ಮೇಲೆ ಹಾಕಿ. ಪಕ್ಕದ ಗ್ರೌಟ್ ಗೆರೆಯ ಮೇಲೂ, ಅಂದರೆ ಟೈಲ್ಸ್ ನಡುವಿನ ಸಂದಿ ತುಂಬಿದ ಗೆರೆಯ ಮೇಲೂ, ನಾಲ್ಕು ಹನಿ ಬಿಡಿ. ಗಡಿಯಾರ ನೋಡಿಕೊಂಡು 10–15 ನಿಮಿಷ ಸುಮ್ನೆ ಬಿಟ್ಟು, ಆಮೇಲೆ ಒರೆಸಿ ನೋಡಿ. ಬಣ್ಣ ಹಾಗೇ ಇದ್ದರೆ ಇವತ್ತು ನೀವು ಏನೂ ಮಾಡಬೇಕಾಗಿಲ್ಲ. ನೀರು ಬಿದ್ದ ಜಾಗ ಒದ್ದೆ ಬಟ್ಟೆಯ ಹಾಗೆ ಕಪ್ಪಾಗಿದ್ದರೆ ಕಲ್ಲು ನೀರು ಕುಡಿದಿದೆ ಅಂತ ಅರ್ಥ. ಇವತ್ತು ನೀರು ಹೋದ ದಾರಿಯಲ್ಲೇ ನಾಳೆ ಎಣ್ಣೆ ಹೋಗುತ್ತದೆ, ಕಾಫಿ ಹೋಗುತ್ತದೆ, ಸೋಪಿನ ಕೊಳೆ ಹೋಗುತ್ತದೆ. ಎರಡು ಮೂರು ನಿಮಿಷದಲ್ಲೇ ಕಪ್ಪಾಯಿತಾ? ಹಾಗಿದ್ದರೆ ಕಲ್ಲು ತುಂಬಾ ಹೀರುತ್ತಿದೆ, ಕೆಲಸವನ್ನು ಮುಂದೂಡಬೇಡಿ.

ಒಂದೇ ಕಡೆ ನೋಡಿ ತೀರ್ಮಾನಕ್ಕೆ ಬರಬೇಡಿ. ಬಾಗಿಲ ಹತ್ತಿರ, ಸಿಂಕ್ ಪಕ್ಕ, ಯಾರೂ ಓಡಾಡದ ಮೂಲೆ, ಹೀಗೆ ಮೂರು ನಾಲ್ಕು ಜಾಗ ನೋಡಿ. ಓಡಾಟ ಜಾಸ್ತಿ ಇರುವ ಕಡೆ ಹಳೆಯ ಸೀಲರ್ (ಕಲ್ಲು ನೀರು, ಎಣ್ಣೆ ಕುಡಿಯದ ಹಾಗೆ ಹಚ್ಚುವ ದ್ರವ) ಸವೆದು ಹೋಗಿರುತ್ತದೆ, ಮೂಲೆಯಲ್ಲಿ ಇನ್ನೂ ಗಟ್ಟಿಯಾಗಿರುತ್ತದೆ.

ಸೀಲರ್ ಅಂದರೆ ಬ್ರಷ್ ಹಿಡಿದು ಹಚ್ಚುವ ಕೆಲಸ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬಚ್ಚಲುಮನೆಯ ಸ್ಲೇಟ್ ಕಲ್ಲನ್ನು ಬೆಳಿಗ್ಗೆ ಚೆನ್ನಾಗಿ ಉಜ್ಜಿ ತೊಳೆದೆ. ಸಂಜೆ ಹೊತ್ತಿಗೆ ಕೈಯಿಟ್ಟು ನೋಡಿದರೆ ಒಣಗಿದ ಹಾಗೇ ಇತ್ತು, ಹಚ್ಚಿಬಿಟ್ಟೆ. ಮಾರನೇ ದಿನ ನೆಲದ ಮೇಲೆ ಮೋಡ ಕವಿದ ಹಾಗೆ ಅಲ್ಲಲ್ಲಿ ಕಪ್ಪು ತೇಪೆ. ಒಳಗೆ ಉಳಿದಿದ್ದ ನೀರು ಸೀಲರ್‌ಗೆ ಜಾಗ ಬಿಟ್ಟಿರಲಿಲ್ಲ, ಒಂದು ಕಡೆ ಇಳಿದಿತ್ತು, ಇನ್ನೊಂದು ಕಡೆ ಇಳಿದಿರಲಿಲ್ಲ. ಅದು ಸರಿಹೋಗಲು ತಿಂಗಳುಗಳೇ ಬೇಕಾದವು. ಅವತ್ತು ಅರ್ಥವಾಗಿದ್ದು ಇಷ್ಟೇ: ಹಚ್ಚುವುದು ಅರ್ಧ ಗಂಟೆಯ ಕೆಲಸ, ಕೆಲಸ ಕೆಡುವುದು ಅದಕ್ಕಿಂತ ಮುಂಚೆ ಒಣಗಿಸುವಾಗ, ಇಲ್ಲವೇ ಅದಾದ ಮೇಲೆ ಒರೆಸುವಾಗ. ಅದಕ್ಕೇ ಈ ಲೇಖನದಲ್ಲಿ ಅವೆರಡಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸೀಲರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕಲ್ಲು ಎಷ್ಟೇ ಗಟ್ಟಿ ಕಂಡರೂ ಅದರೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಸಿಮೆಂಟ್ ಗ್ರೌಟ್ ಅಂತೂ ಸ್ಪಂಜಿನ ಹಾಗೆ. ಕಲ್ಲಿನ ಒಳಕ್ಕೆ ಇಳಿಯುವ ಸೀಲರ್ ಈ ರಂಧ್ರಗಳ ಗೋಡೆಗೆ ಅಂಟಿಕೊಂಡು ನೀರನ್ನೂ ಎಣ್ಣೆಯನ್ನೂ ಹೊರಗೆ ತಳ್ಳುತ್ತದೆ. ರಂಧ್ರ ಪೂರ್ತಿ ಮುಚ್ಚಿಹೋಗುವುದಿಲ್ಲ, ಆವಿ ಹೊರಗೆ ಬರಲು ದಾರಿ ಉಳಿದಿರುತ್ತದೆ. ಇದು ಒಳ್ಳೆಯದೇ. ಕೆಳಗಿನಿಂದ ಬರುವ ತೇವ ಹೊರಗೆ ಹೋಗಲೇಬೇಕಲ್ವಾ?

ಆದರೆ ಸೀಲರ್ ಹಚ್ಚಿದ ಮೇಲೆ ಕಲೆಯೇ ಆಗುವುದಿಲ್ಲ ಅನ್ನುವ ಮಾತು ನಂಬಬೇಡಿ. ಸೀಲರ್ ಕೊಡುವುದು ಸಮಯ ಮಾತ್ರ. ಚೆಲ್ಲಿದ ಎಣ್ಣೆ ಎರಡು ನಿಮಿಷದಲ್ಲಿ ಒಳಗೆ ಹೋಗುತ್ತಿದ್ದದ್ದು ಈಗ ಮೇಲೇ ನಿಂತಿರುತ್ತದೆ, ನೀವು ಬಂದು ಒರೆಸುವವರೆಗೆ. ಇಡೀ ರಾತ್ರಿ ಬಿಟ್ಟರೆ ಅದೂ ಇಳಿಯುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಮಾರ್ಬಲ್, ಸುಣ್ಣದ ಕಲ್ಲು, ಟ್ರಾವರ್ಟೈನ್ ಇವೆಲ್ಲ ಮೂಲತಃ ಕ್ಯಾಲ್ಸಿಯಂ ಕಾರ್ಬೋನೇಟ್. ನಿಂಬೆರಸ, ವಿನೆಗರ್, ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಕಲ್ಲಿನ ಮೇಲ್ಮೈಯೇ ಕರಗಿ ಅಲ್ಲಿ ಮಂಕಾದ ಗುರುತು ಬೀಳುತ್ತದೆ. ಅದು ಕಲೆ ಅಲ್ಲ, ಗಾಯ. ಮಾಮೂಲಿ ಸೀಲರ್ ಅದನ್ನು ತಡೆಯುವುದಿಲ್ಲ, ಯಾಕೆಂದರೆ ಅದು ಕೂತಿರುವುದು ರಂಧ್ರದ ಒಳಗೆ, ಆಸಿಡ್ ತಿನ್ನುವುದು ಮೇಲ್ಮೈಯನ್ನು. "ಸೀಲರ್ ಹಚ್ಚಿದರೂ ಮಾರ್ಬಲ್ ಹಾಳಾಯಿತು" ಅನ್ನುವವರಲ್ಲಿ ಅನೇಕರಿಗೆ ಆಗಿರುವುದು ಇದೇ. ಆ ಗುರುತು ಹೋಗಬೇಕಾದರೆ ಮತ್ತೆ ಪಾಲಿಶ್ ಮಾಡಿಸಬೇಕು, ಸೀಲರ್ ಮೇಲೆ ಸೀಲರ್ ಹಚ್ಚಿ ಉಪಯೋಗವಿಲ್ಲ.

ನಿಮ್ಮದು ಯಾವ ಕಲ್ಲು?

ಎಲ್ಲ ಕಲ್ಲೂ ಒಂದೇ ಥರ ಕುಡಿಯುವುದಿಲ್ಲ. ಕಟ್ಟಡದ ಕಲ್ಲುಗಳಿಗೆ ಎಎಸ್‌ಟಿಎಂ ಅನ್ನುವ ಮಾನದಂಡ ಸಂಸ್ಥೆ ಇಟ್ಟಿರುವ ಮಿತಿ ನೋಡಿದರೆ ಇದು ಗೊತ್ತಾಗುತ್ತದೆ: ತೂಕದ ಲೆಕ್ಕದಲ್ಲಿ ಮಾರ್ಬಲ್ 0.20 ಶೇಕಡಾಗಿಂತ ಜಾಸ್ತಿ ನೀರು ಹೀರಬಾರದು, ಗ್ರಾನೈಟ್ 0.40 ಶೇಕಡಾ, ಸಾಂದ್ರತೆ ಕಡಿಮೆ ಇರುವ ಸುಣ್ಣದ ಕಲ್ಲಿಗೆ ಮಾತ್ರ 12 ಶೇಕಡಾವರೆಗೂ ಬಿಟ್ಟಿದ್ದಾರೆ. ಅಂದರೆ ಹೀರುವ ವಿಷಯದಲ್ಲಿ ಮಾರ್ಬಲ್ ಗ್ರಾನೈಟ್‌ಗಿಂತ ಕೆಟ್ಟದ್ದೇನಲ್ಲ. ಮಾರ್ಬಲ್‌ನ ಕಷ್ಟ ಆಸಿಡ್ ಜೊತೆಗಿನದು. ಮರಳುಗಲ್ಲು, ಸುಣ್ಣದ ಕಲ್ಲು, ಟ್ರಾವರ್ಟೈನ್, ಕೆಲವು ಸ್ಲೇಟ್‌ಗಳು ಜಾಸ್ತಿ ಕುಡಿಯುವ ಗುಂಪಿನವು. ಕನ್ನಡಿಯ ಹಾಗೆ ಪಾಲಿಶ್ ಆದ ಕೆಲವು ಕಪ್ಪು ಗ್ರಾನೈಟ್‌ಗಳು ಎಷ್ಟು ಬಿಗಿ ಅಂದರೆ ಸೀಲರ್ ಒಳಗೆ ಹೋಗುವುದೇ ಇಲ್ಲ, ಮೇಲೆ ಒಣಗಿ ಪೊರೆ ಕಟ್ಟುತ್ತದೆ. ಅಂಥದ್ದಕ್ಕೆ ಹಚ್ಚಬೇಡಿ. ನೀರಿನ ಹನಿ ಹೇಳಿದ ಮಾತೇ ಕೊನೆಯ ಮಾತು.

ಯಾವ ಕಲ್ಲು ಅಂತ ಗೊತ್ತಿಲ್ಲದಿದ್ದರೆ, ಉಳಿದ ತುಂಡೊಂದು ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಕಪಾಟಿನ ಕೆಳಗೆ ಯಾರಿಗೂ ಕಾಣದ ಕಡೆ, ಒಂದೇ ಒಂದು ಹನಿ ವಿನೆಗರ್ ಬಿಡಿ. ಸಣ್ಣ ಗುಳ್ಳೆ ಎದ್ದರೆ, ಅಥವಾ ಒರೆಸಿದ ಮೇಲೆ ಆ ಜಾಗ ಮಂಕಾದರೆ, ಅದು ಸುಣ್ಣದ ಜಾತಿಯ ಕಲ್ಲು. ಇನ್ನು ಮೇಲೆ ಆಸಿಡ್ ಅದರ ಹತ್ತಿರ ಸುಳಿಯಬಾರದು.

ಗ್ಲೇಜ್ ಇರುವ ಸೆರಾಮಿಕ್ ಮತ್ತು ಮಾಮೂಲಿ ಪೋರ್ಸಲೀನ್ ಟೈಲ್ಸ್‌ಗೆ ಸೀಲರ್ ಬೇಡ. ಅವುಗಳ ನಡುವಿನ ಸಿಮೆಂಟ್ ಗ್ರೌಟ್‌ಗೆ ಮಾತ್ರ ಬೇಕು. ಗ್ರೌಟ್ ಸಿಮೆಂಟಿನದಲ್ಲದೆ ಎಪಾಕ್ಸಿ ಅನ್ನುವ ರಾಳದ್ದಾದರೆ ಅದಕ್ಕೂ ಬೇಡ, ಅದು ನೀರು ಹೀರುವುದಿಲ್ಲ.

ಯಾವ ಸೀಲರ್ ತರುವುದು

ಅಂಗಡಿಯಲ್ಲಿ ಹತ್ತಾರು ಡಬ್ಬಿ ಇದ್ದರೂ ಒಳಗಿರುವುದು ಎರಡೇ ಜಾತಿ. ಒಂದು ಕಲ್ಲಿನ ಒಳಕ್ಕೆ ಇಳಿಯುವಂಥದ್ದು, ಲೇಬಲ್ ಮೇಲೆ ಪೆನಟ್ರೇಟಿಂಗ್ ಅಥವಾ ಇಂಪ್ರೆಗ್ನೇಟಿಂಗ್ ಅಂತ ಇರುತ್ತದೆ. ಇನ್ನೊಂದು ಮೇಲೆ ಪದರ ಕಟ್ಟುವಂಥದ್ದು, ಅಕ್ರಿಲಿಕ್ ಅಥವಾ ಪಾಲಿಯುರೆಥೇನ್. ಮೇಲಿನ ಪದರ ಹೊಳೆಯುತ್ತದೆ, ಮೊದಲ ವಾರ ನೋಡಲು ಚೆಂದ. ಆದರೆ ಗೀರು ಬೀಳುತ್ತದೆ, ಓಡಾಡುವ ದಾರಿಯಲ್ಲಿ ಸವೆಯುತ್ತದೆ, ಕೆಳಗಿನಿಂದ ತೇವ ಬಂದರೆ ಬಿಳಿಚಿಕೊಂಡು ಸಿಪ್ಪೆಯ ಹಾಗೆ ಏಳುತ್ತದೆ. ಒದ್ದೆಯಾದರೆ ಜಾರಲೂಬಹುದು. ಮತ್ತೆ ಹಚ್ಚಬೇಕಾದರೆ ಹಳೆಯದನ್ನು ರಾಸಾಯನಿಕ ಹಾಕಿ ಪೂರ್ತಿ ಕೀಳಬೇಕು. ಮನೆಯಲ್ಲಿ ನೀವೇ ಮಾಡುವ ಕೆಲಸಕ್ಕೆ, ಅದರಲ್ಲೂ ಬಚ್ಚಲಿಗೆ ಮತ್ತು ಹೊರಾಂಗಣಕ್ಕೆ, ಒಳಗೆ ಇಳಿಯುವ ಸೀಲರ್ ತೆಗೆದುಕೊಳ್ಳಿ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಒಳಗೆ ಇಳಿಯುವುದರಲ್ಲೂ ವ್ಯತ್ಯಾಸವಿದೆ. ಸಿಲೇನ್, ಸಿಲೋಕ್ಸೇನ್ ಇರುವಂಥವು ನೀರನ್ನು ಚೆನ್ನಾಗಿ ತಡೆಯುತ್ತವೆ, ಎಣ್ಣೆಗೆ ಅಷ್ಟಕ್ಕಷ್ಟೇ. ಫ್ಲೋರೋಪಾಲಿಮರ್ ಇರುವಂಥವು ಎಣ್ಣೆಯನ್ನೂ ತಡೆಯುತ್ತವೆ, ಬೆಲೆ ಸ್ವಲ್ಪ ಜಾಸ್ತಿ. ಬಚ್ಚಲ ಗೋಡೆಗೆ ಮೊದಲನೆಯದು ಸಾಕು, ಅಡುಗೆಮನೆ ಕಟ್ಟೆಗೆ ಎರಡನೆಯದೇ ಬೇಕು. ಕಟ್ಟೆಗೆ ತರುವಾಗ ಆಹಾರ ತಾಗುವ ಜಾಗಕ್ಕೆ ಬಳಸಬಹುದು ಅಂತ ಲೇಬಲ್ ಮೇಲೆ ಇದೆಯಾ ನೋಡಿ.

ನೀರು ಬೆರೆಸಿದ ಸೀಲರ್‌ಗೆ ವಾಸನೆ ಕಡಿಮೆ, ಬೆಂಕಿಯ ಭಯವಿಲ್ಲ, ಕೈ ತೊಳೆಯುವುದೂ ಸುಲಭ. ಥಿನ್ನರ್ ಥರದ ದ್ರಾವಕ ಬೆರೆಸಿದ್ದು ಬಿಗಿಯಾದ ಕಲ್ಲಿನೊಳಕ್ಕೂ ಇಳಿಯುತ್ತದೆ, ಆದರೆ ಅದರ ಆವಿ ಉಸಿರಿಗೆ ಕೆಟ್ಟದ್ದು, ಬೆಂಕಿಯೂ ಹತ್ತಿಕೊಳ್ಳುತ್ತದೆ. ಮೊದಲ ಸಲ ಮಾಡುವವರು ನೀರಿನದನ್ನೇ ತೆಗೆದುಕೊಳ್ಳಿ.

ಬಣ್ಣ ಗಾಢ ಮಾಡುವ ಸೀಲರ್ ಅಂತಲೂ ಸಿಗುತ್ತದೆ. ಒದ್ದೆ ಕಲ್ಲಿನ ಹಾಗೆ ಕಾಣಬೇಕು ಅನ್ನುವವರಿಗೆ ಅದು. ಸ್ಲೇಟ್‌ಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಒಮ್ಮೆ ಹಚ್ಚಿದ ಮೇಲೆ ಹಿಂದಕ್ಕೆ ಹೋಗುವುದು ಕಷ್ಟ, ಅದನ್ನು ಯೋಚಿಸಿ ಹಚ್ಚಿ. ಅಗಸೆ ಎಣ್ಣೆಯನ್ನೋ ಅಡುಗೆ ಎಣ್ಣೆಯನ್ನೋ ಸವರಿದರೆ ಅದೇ ಕೆಲಸ ಆಗುತ್ತದೆ ಅನ್ನುವ ಸಲಹೆ ಕೇಳಿದ್ದರೆ ಮರೆತುಬಿಡಿ. ಅಂಥ ಎಣ್ಣೆ ಕಾಲ ಕಳೆದಂತೆ ಹಳದಿಯಾಗುತ್ತದೆ, ಅಂಟು ಅಂಟಾಗಿ ಧೂಳನ್ನೆಲ್ಲ ಹಿಡಿಯುತ್ತದೆ.

ತೊಳೆಯುವುದು

ಮೊದಲು ಹಳೆಯ ಪದರ ಇದೆಯಾ ನೋಡಿಕೊಳ್ಳಿ. ಮೂಲೆಯಲ್ಲಿ ನಾಣ್ಯದ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಬಿಳಿ ಪುಡಿಯೋ ತೆಳು ಸಿಪ್ಪೆಯೋ ಎದ್ದರೆ ಯಾರೋ ಹಿಂದೆ ಮೇಣ ಅಥವಾ ಅಕ್ರಿಲಿಕ್ ಹಚ್ಚಿದ್ದಾರೆ. ಅದು ಇರುವವರೆಗೆ ಹೊಸ ಸೀಲರ್ ಒಳಗೆ ಇಳಿಯುವುದಿಲ್ಲ. ಆ ಕಲ್ಲಿಗೆ ಹೊಂದುವ ಸ್ಟ್ರಿಪ್ಪರ್ ತಂದು ಮೊದಲು ಅದನ್ನು ತೆಗೆಯಬೇಕು.

ಆಮೇಲೆ ಗುಡಿಸಿ, ಮರಳು ಧೂಳು ಪೂರ್ತಿ ತೆಗೆಯಿರಿ. ಮರಳಿನ ಮೇಲೇ ಉಜ್ಜಿದರೆ ಪಾಲಿಶ್ ಗೀರಾಗುತ್ತದೆ. ಕಲ್ಲಿಗೆ ಪಿಎಚ್ 7ರ ಹತ್ತಿರದ, ಅಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಕ್ಲೀನರ್ ಬಳಸಿ. ಬಚ್ಚಲು ತೊಳೆಯುವ ಆಸಿಡ್, ವಿನೆಗರ್ ಬೇಡವೇ ಬೇಡ. ಗ್ರೌಟ್ ಕೂಡ ಸಿಮೆಂಟೇ ಆದ್ದರಿಂದ ಆಸಿಡ್ ಅದನ್ನೂ ತಿನ್ನುತ್ತದೆ, ತೊಳೆದ ದಿನ ಬೆಳ್ಳಗೆ ಕಾಣುತ್ತದೆ, ಆಮೇಲೆ ಪುಡಿ ಪುಡಿಯಾಗಿ ಉದುರುತ್ತದೆ.

ಕಪ್ಪಾದ ಗ್ರೌಟ್‌ಗೆ ಆಕ್ಸಿಜನ್ ಬ್ಲೀಚ್ ಪುಡಿ ಒಳ್ಳೆಯದು, ಅದರಲ್ಲಿರುವುದು ಸೋಡಿಯಂ ಪರ್‌ಕಾರ್ಬೋನೇಟ್. ಬಿಸಿನೀರಿನಲ್ಲಿ ಕರಗಿಸಿ ಗೆರೆಗಳ ಮೇಲೆ ಹಾಕಿ 15 ನಿಮಿಷ ಬಿಟ್ಟು, ನೈಲಾನ್ ಬ್ರಷ್‌ನಿಂದ ಉಜ್ಜಿ. ಬಣ್ಣದ ಗ್ರೌಟ್ ಆದರೆ ಮೊದಲು ಮೂಲೆಯಲ್ಲಿ ಸ್ವಲ್ಪ ಹಾಕಿ ನೋಡಿ. ಜಿಡ್ಡು ಹಿಡಿದ ಗೆರೆಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ ಉಜ್ಜಿದರೂ ಸಾಕಷ್ಟು ಹೋಗುತ್ತದೆ. ಪಾಲಿಶ್ ಮಾರ್ಬಲ್ ಮೇಲೆ ಮಾತ್ರ ಸೋಡಾ ಹಾಕಿ ಉಜ್ಜಬೇಡಿ, ಗೀರು ಬೀಳಬಹುದು. ಕಬ್ಬಿಣದ ಬ್ರಷ್ ಯಾವುದಕ್ಕೂ ಬೇಡ: ಕಲ್ಲಿಗೆ ಗೀರು ಬೀಳುತ್ತದೆ, ಮುರಿದ ತಂತಿ ಗೆರೆಯಲ್ಲಿ ಸಿಕ್ಕಿಕೊಂಡು ತುಕ್ಕು ಬಿಡುತ್ತದೆ.

ಮನೆಯವರೆಲ್ಲರಿಗೂ ಹೇಳಿಡಬೇಕಾದ ಮಾತು: ಕ್ಲೋರಿನ್ ಬ್ಲೀಚ್ ಜೊತೆ ಆಸಿಡ್ ಆಗಲಿ ಅಮೋನಿಯಾ ಆಗಲಿ ಯಾವತ್ತೂ ಬೆರೆಸಬಾರದು. ಏಳುವ ಗಾಳಿ ವಿಷ. ಒಂದು ಹಾಕಿ ತೊಳೆದದ್ದು ಸಾಲಲಿಲ್ಲ ಅಂತ ಅದರ ಮೇಲೆ ಇನ್ನೊಂದು ಸುರಿಯುವಾಗಲೇ ಈ ಅನಾಹುತ ಆಗುವುದು.

ಕೊನೆಗೆ ಬರೀ ನೀರಿನಲ್ಲಿ ಎರಡು ಸಲ ತೊಳೆಯಿರಿ, ಪ್ರತಿ ಸಲ ಹೊಸ ನೀರು. ಸೋಪು ಗ್ರೌಟಿನೊಳಗೆ ಉಳಿದರೆ ಸೀಲರ್ ಹಿಡಿಯುವುದಿಲ್ಲ. ತೊಳೆದ ನೀರನ್ನು ನೆಲದ ಮೇಲೇ ಒಣಗಲು ಬಿಡದೆ ವೈಪರ್‌ನಿಂದ ಎಳೆದು ತೆಗೆಯಿರಿ.

ಒಳಗಿಳಿದ ಕಲೆ, ಬಿಟ್ಟ ಗ್ರೌಟ್

ಸೀಲರ್ ಹಚ್ಚಿದ ಮೇಲೆ ಒಳಗಿನ ಕಲೆ ಒಳಗೇ ಉಳಿಯುತ್ತದೆ. ಅದಕ್ಕೇ ಈಗಲೇ ತೆಗೆಯಬೇಕು. ಎಣ್ಣೆಯ ಕಲೆಗೆ ಲೇಪದ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ಅಡುಗೆ ಸೋಡಾಕ್ಕೆ ಅಸಿಟೋನ್ ಸೇರಿಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಜಾರದ ಹಾಗೆ ಕಲಸಿ. ಕಲೆಯ ಮೇಲೆ, ಅದರ ಅಂಚು ದಾಟುವಂತೆ, ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಸುತ್ತ ಟೇಪ್ ಅಂಟಿಸಿ 24 ಗಂಟೆ ಬಿಡಿ. ಆಮೇಲೆ ಹಾಳೆ ತೆಗೆದು ಲೇಪ ಪೂರ್ತಿ ಒಣಗಲು ಬಿಡಿ. ಕಲೆ ಹೊರಗೆ ಬರುವುದು ಲೇಪ ಒಣಗುವಾಗ, ಅಸಿಟೋನ್ ಕರಗಿಸಿದ ಎಣ್ಣೆಯನ್ನು ಒಣಗುವ ಪುಡಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಅರ್ಧಕ್ಕೇ ಕೆರೆದು ತೆಗೆದರೆ ಪ್ರಯೋಜನವಿಲ್ಲ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು. ಅಸಿಟೋನ್‌ಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ ಆರಿಸಿ, ಕಿಟಕಿ ತೆಗೆದು, ಕೈಗವಸು ಹಾಕಿ ಮಾಡಿ.

ಕಾಫಿ, ಚಹಾ, ಎಲೆಯ ಕಲೆಗೆ ಅಸಿಟೋನ್ ಬದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಇದೇ ರೀತಿ ಮಾಡಬಹುದು. ಅದು ಬಣ್ಣ ತೆಗೆಯುವ ವಸ್ತು, ಗಾಢ ಬಣ್ಣದ ಕಲ್ಲಿಗೆ ಬಳಸುವ ಮೊದಲು ಕಾಣದ ಕಡೆ ಹಾಕಿ ನೋಡಿ. ತುಕ್ಕಿನ ಕಲೆಗೆ ಮನೆಮದ್ದು ಹುಡುಕಬೇಡಿ. ತುಕ್ಕು ತೆಗೆಯುವ ದ್ರಾವಣಗಳಲ್ಲಿ ಹೆಚ್ಚಿನವು ಆಸಿಡ್, ಮಾರ್ಬಲ್‌ಗೆ ತುಕ್ಕಿಗಿಂತ ಅವೇ ಅಪಾಯ.

ಗ್ರೌಟ್ ಬಿರುಕು ಬಿಟ್ಟಿದ್ದರೆ ಅಥವಾ ಕಿತ್ತುಬಂದಿದ್ದರೆ ಅದನ್ನು ತೆಗೆದು ಹೊಸದು ತುಂಬಿ. ಸೀಲರ್ ಬಿರುಕು ಮುಚ್ಚುವುದಿಲ್ಲ. ಹೊಸ ಗ್ರೌಟ್ ಗಟ್ಟಿಯಾಗುವವರೆಗೆ ಕಾಯಬೇಕು: ಕೆಲವು ಕಂಪನಿಗಳು 48ರಿಂದ 72 ಗಂಟೆ ಅನ್ನುತ್ತವೆ, ಕೆಲವು 28 ದಿನ ಅನ್ನುತ್ತವೆ. ಗ್ರೌಟ್ ಚೀಲದ ಮೇಲೆ ಏನಿದೆಯೋ ಅದೇ ಲೆಕ್ಕ. ಮೂಲೆಗಳಲ್ಲಿ, ಗೋಡೆ ನೆಲ ಸೇರುವ ಕಡೆ ಸಿಲಿಕೋನ್ ಹೋಗಿದ್ದರೆ ಅದನ್ನೂ ಈಗಲೇ ಹಾಕಿ ಒಣಗಿಸಿ. ಸೀಲರ್ ಕುಡಿದ ಕಲ್ಲಿಗೆ ಆಮೇಲೆ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ.

ಹೊಸದಾಗಿ ಟೈಲ್ಸ್ ಹಾಕಿಸುತ್ತಿದ್ದರೆ ಒಂದು ಮಾತು. ಒರಟು ಕಲ್ಲಿಗೆ, ಜಾಸ್ತಿ ಹೀರುವ ಕಲ್ಲಿಗೆ, ಗ್ರೌಟ್ ತುಂಬುವ ಮೊದಲೇ ಒಂದು ಕೋಟ್ ಸೀಲರ್ ಹಚ್ಚಿಸಿ. ಇಲ್ಲದಿದ್ದರೆ ಗ್ರೌಟಿನ ಬಣ್ಣ ಕಲ್ಲಿನ ರಂಧ್ರಗಳಲ್ಲಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಬರುವುದಿಲ್ಲ. ಹಚ್ಚುವಾಗ ಟೈಲ್ಸ್‌ನ ಅಂಚಿನ ಬದಿಗೆ, ಗ್ರೌಟ್ ಹಿಡಿಯಬೇಕಾದ ಸಂದಿಗೆ, ಇಳಿಯದ ಹಾಗೆ ನೋಡಿಕೊಳ್ಳಬೇಕು.

ಒಣಗಿಸುವುದು, ಇಲ್ಲೇ ಆತುರ ಬೇಡ

ತೊಳೆದ ನೆಲ ಮೇಲೆ ಒಂದು ಗಂಟೆಯಲ್ಲಿ ಒಣಗುತ್ತದೆ. ಒಳಗೆ ಒಣಗಲು ಕನಿಷ್ಠ 24 ಗಂಟೆ ಬೇಕು. ದಿನಾ ಸ್ನಾನ ಮಾಡುವ ಬಚ್ಚಲಾದರೆ 48ರಿಂದ 72 ಗಂಟೆ ಬಿಡಿ. ಅಷ್ಟು ದಿನ ಅಲ್ಲಿ ಯಾರೂ ಸ್ನಾನ ಮಾಡಬಾರದು. ಮನೆಯಲ್ಲಿ ಒಂದೇ ಬಚ್ಚಲು ಇರುವವರಿಗೆ ಇದು ನಿಜವಾಗಿಯೂ ಕಷ್ಟ, ಊರಿಗೆ ಹೋಗುವ ವಾರಕ್ಕೆ ಈ ಕೆಲಸ ಇಟ್ಟುಕೊಳ್ಳುವುದು ವಾಸಿ. ಫ್ಯಾನ್ ಹಾಕಿ, ಬಾಗಿಲು ಕಿಟಕಿ ತೆಗೆದಿಡಿ. ಮಳೆಗಾಲದ ಥಂಡಿಯಲ್ಲಿ ಇದರ ಎರಡರಷ್ಟು ಸಮಯ ಹಿಡಿಯಬಹುದು.

ಒಣಗಿದೆಯೋ ಇಲ್ಲವೋ ಅನ್ನುವುದಕ್ಕೆ ಕೈಯನ್ನು ನಂಬಬೇಡಿ. ಅರ್ಧ ಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ ನಾಲ್ಕೂ ಬದಿ ಟೇಪ್ ಅಂಟಿಸಿ, ಗಾಳಿ ಆಡದ ಹಾಗೆ. 16 ಗಂಟೆ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅದರ ಕೆಳಗಿನ ಕಲ್ಲು ಸುತ್ತಲಿನ ಕಲ್ಲಿಗಿಂತ ಕಪ್ಪಗಿದ್ದರೆ, ಇನ್ನೂ ತೇವ ಬರುತ್ತಿದೆ. ಮತ್ತೆ ಕಾಯಿರಿ.

ವಾರ ಕಳೆದರೂ ಹನಿ ಕಟ್ಟುತ್ತಲೇ ಇದ್ದರೆ, ಅಥವಾ ಗ್ರೌಟ್ ಗೆರೆಯಲ್ಲಿ ಬಿಳಿ ಉಪ್ಪಿನಂಥ ಪುಡಿ ಮತ್ತೆ ಮತ್ತೆ ಏಳುತ್ತಿದ್ದರೆ, ಅದು ತೊಳೆದ ನೀರಲ್ಲ. ಕೆಳಗಿನಿಂದಲೋ ಗೋಡೆಯ ಹಿಂದಿನಿಂದಲೋ ನೀರು ಬರುತ್ತಿದೆ, ಬರುವಾಗ ಸಿಮೆಂಟಿನ ಲವಣಗಳನ್ನು ಹೊತ್ತು ತರುತ್ತಿದೆ. ಪೈಪ್ ಸೋರಿಕೆ, ವಾಟರ್‌ಪ್ರೂಫಿಂಗ್ ಮೊದಲು ನೋಡಿಸಿ. ಅದರ ಮೇಲೆ ಸೀಲರ್ ಹಚ್ಚಿದರೆ ಲವಣ ಕಲ್ಲಿನೊಳಗೇ ಹರಳುಗಟ್ಟಿ ಮೇಲ್ಮೈಯನ್ನು ಒಡೆಯಬಹುದು.

ಹಚ್ಚುವುದು, ಒರೆಸುವುದು

ಮೊದಲು ಒಂದು ಟೈಲ್ ಮೇಲೆ ಮಾತ್ರ ಹಚ್ಚಿ, ಒರೆಸಿ, ಒಂದು ದಿನ ಬಿಡಿ. ಬಣ್ಣ ಬದಲಾಯಿತಾ, ಹೊಳಪು ಕಡಿಮೆಯಾಯಿತಾ, ನೀರು ನಿಲ್ಲುತ್ತದಾ ನೋಡಿ. ಉಳಿದ ತುಂಡಿದ್ದರೆ ಅದರ ಮೇಲೆ ಮಾಡುವುದು ಇನ್ನೂ ಒಳ್ಳೆಯದು. ಈ ಒಂದು ದಿನವನ್ನು ಉಳಿಸಲು ಹೋಗಬೇಡಿ.

ಬೇಕಾದದ್ದು ಕಡಿಮೆ: ಸೀಲರ್, ಒಂದು ಬಟ್ಟಲು, ಹಚ್ಚಲು ಪೇಂಟ್ ಪ್ಯಾಡ್ ಅಥವಾ ಮೈಕ್ರೋಫೈಬರ್ ಬಟ್ಟೆ, ಗೆರೆಗೆ ಸಣ್ಣ ಬ್ರಷ್, ಕೈಗವಸು, ಮತ್ತೆ ಒರೆಸಲು ಒಣಗಿದ ಬಿಳಿ ಹತ್ತಿ ಬಟ್ಟೆ. ಬಟ್ಟೆ ಎಷ್ಟು ಬೇಕು ಅಂತ ಅನ್ನಿಸುತ್ತದೋ ಅದರ ಎರಡರಷ್ಟು ಇಟ್ಟುಕೊಳ್ಳಿ. ಒದ್ದೆಯಾದ ಬಟ್ಟೆ ಒರೆಸುವುದಿಲ್ಲ, ಸವರುತ್ತದೆ ಅಷ್ಟೇ. ಬಣ್ಣದ ಬಟ್ಟೆ ಬೇಡ, ಅದರ ಬಣ್ಣ ಕಲ್ಲಿಗೆ ಇಳಿಯಬಹುದು. ಮರ, ಗಾಜು, ಲೋಹ, ಬಣ್ಣದ ಗೋಡೆಗೆ ಟೇಪ್ ಹಾಕಿ ಮುಚ್ಚಿ.

ಬಿಸಿಲು ನೇರವಾಗಿ ಬೀಳುವ ಹೊತ್ತಿನಲ್ಲಿ ಹಚ್ಚಬೇಡಿ, ಇಳಿಯುವ ಮೊದಲೇ ಒಣಗುತ್ತದೆ. ನೆಲ ಸುಮಾರು 10ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದರೆ ಸರಿ.

ಸಿಂಪಡಿಸುವ ಡಬ್ಬಿಗಳು ಸುಲಭ ಅನ್ನಿಸುತ್ತವೆ, ಆದರೆ ಮುಚ್ಚಿದ ಬಚ್ಚಲಿನಲ್ಲಿ ಅವು ಬೇಡ. ಸೀಲರಿನ ಸಣ್ಣ ಹನಿಗಳು ಶ್ವಾಸಕೋಶದ ಒಳಗೆ ಹೋದರೆ ಗಂಭೀರ ತೊಂದರೆ ಆಗುತ್ತದೆ. 2005ರಲ್ಲಿ ಅಮೆರಿಕದಲ್ಲಿ ಗ್ರೌಟ್‌ಗೆ ಸಿಂಪಡಿಸುವ ಒಂದು ಸೀಲರನ್ನು, ಬಳಸಿದವರಿಗೆ ಉಸಿರಾಟದ ತೊಂದರೆ ಆಯಿತೆಂದು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿದ್ದರು. ಬಟ್ಟೆಯಿಂದಲೋ ಬ್ರಷ್‌ನಿಂದಲೋ ಹಚ್ಚಿದರೆ ಈ ಭಯವಿಲ್ಲ. ದ್ರಾವಕದ ಸೀಲರ್ ಆದರೆ ಒಲೆ, ದೀಪ, ಗೀಸರ್ ಎಲ್ಲ ಆರಿಸಿ, ಗಾಳಿ ಆಡುವಂತೆ ಮಾಡಿ. ಧೂಳಿಗೆ ಹಾಕುವ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಆವಿ ಹೀರುವ ಫಿಲ್ಟರ್ ಇರುವ ಮಾಸ್ಕೇ ಬೇಕು. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಆ ದಿನ ದೂರ ಇಡಿ.

ಬಾಗಿಲಿಗೆ ದೂರದ ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಬನ್ನಿ. ಗೋಡೆಯಾದರೆ ಕೆಳಗಿನಿಂದ ಮೇಲಕ್ಕೆ ಹಚ್ಚಿ. ಮೇಲಿನಿಂದ ಶುರು ಮಾಡಿದರೆ ಇಳಿದ ಧಾರೆ ಒಣಗಿದ ಕಲ್ಲಿನ ಮೇಲೆ ಗೆರೆ ಬಿಡುತ್ತದೆ. ಒಂದು ಸಲಕ್ಕೆ ಒಂದು ಚದರ ಮೀಟರ್ ಸಾಕು, ನಿಮ್ಮ ಕೈ ಎಷ್ಟು ಬೇಗ ಒರೆಸಬಲ್ಲದೋ ಅಷ್ಟೇ ಹಚ್ಚಬೇಕು. ಗೆರೆಗಳಿಗೆ ಮೊದಲು ಬ್ರಷ್‌ನಿಂದ ಹಚ್ಚಿ, ಆಮೇಲೆ ಇಡೀ ಟೈಲ್‌ಗೆ ಸಮನಾಗಿ ಹರಡಿ. ಪೋರ್ಸಲೀನ್ ನಡುವಿನ ಗ್ರೌಟ್ ಮಾತ್ರ ಆದರೆ ಗೆರೆಗಷ್ಟೇ ಹಚ್ಚಿ, ಟೈಲ್ ಮೇಲೆ ಬಿದ್ದದ್ದನ್ನು ಆಗಲೇ ಒರೆಸಿ.

ಹಚ್ಚಿದ ಮೇಲೆ ಲೇಬಲ್ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 15 ನಿಮಿಷ, ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಎಲ್ಲಾದರೂ ಪೂರ್ತಿ ಕುಡಿದು ಒಣಗಿದ ಹಾಗೆ ಕಂಡರೆ ಅಲ್ಲಿಗೆ ಇನ್ನಷ್ಟು ಕೊಡಿ. ಸಮಯ ಆಗುತ್ತಿದ್ದ ಹಾಗೆ ಒಣ ಬಟ್ಟೆಯಿಂದ ಒರೆಸಿ. ಇನ್ನೊಂದು ಒಣ ಬಟ್ಟೆ ತೆಗೆದುಕೊಂಡು ಮತ್ತೊಮ್ಮೆ ಒರೆಸಿ, ಬಟ್ಟೆಗೆ ಏನೂ ಅಂಟದಷ್ಟು. ಕಲ್ಲಿನ ಒಳಗೆ ಇಳಿದದ್ದೇ ನಿಮಗೆ ಬೇಕಾದ ಸೀಲರ್, ಮೇಲೆ ಉಳಿದದ್ದು ಬರೀ ಕಸ. ಓರೆಯಾಗಿ ಬಗ್ಗಿ ಬೆಳಕಿನ ಎದುರು ನೋಡಿದರೆ ಒರೆಸದೆ ಬಿಟ್ಟ ಜಾಗ ಕಾಣುತ್ತದೆ. ಒಂದು ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಮರಳುಗಲ್ಲಿಗೆ, ಸುಣ್ಣದ ಕಲ್ಲಿಗೆ, ಗ್ರೌಟ್‌ಗೆ ಎರಡನೇ ಕೋಟ್ ಬೇಕಾಗುವುದು ಸಹಜ. ಎಷ್ಟು ಹೊತ್ತು ಬಿಟ್ಟು ಹಚ್ಚಬೇಕು ಅನ್ನುವುದು ಒಂದೊಂದು ಡಬ್ಬಿಯಲ್ಲಿ ಒಂದೊಂದು ಥರ, ಲೇಬಲ್ ಓದಿ. ಮೊದಲ ಕೋಟ್‌ನಲ್ಲೇ ಕಲ್ಲು ಕುಡಿಯುವುದು ನಿಲ್ಲಿಸಿದ್ದರೆ ಎರಡನೆಯದು ಬೇಡ.

ಬೂದು ಪೊರೆಯ ಹಾಗೆ ಮಂಕು ಕಟ್ಟಿತಾ? ಅದು ಮೇಲೆ ಒಣಗಿದ ಸೀಲರ್. ಗಾಬರಿ ಬೇಡ. ಅದೇ ಸೀಲರನ್ನು ಸ್ವಲ್ಪ ಆ ಜಾಗಕ್ಕೆ ಹಚ್ಚಿ, ಎರಡು ಮೂರು ನಿಮಿಷದಲ್ಲಿ ಹಳೆಯದು ಮೆತ್ತಗಾಗುತ್ತದೆ, ತಕ್ಷಣ ಬಲವಾಗಿ ಒರೆಸಿ. ಅದೇ ದಿನ ಮಾಡಿದರೆ ಬಹುಪಾಲು ಹೋಗುತ್ತದೆ. ಕೆಲವು ದಿನ ಬಿಟ್ಟರೆ ಸ್ಟ್ರಿಪ್ಪರ್ ಬೇಕಾಗಬಹುದು.

ಆಮೇಲೆ

ಕೆಲವು ಗಂಟೆ ಕಳೆದ ಮೇಲೆ ಬರಿಗಾಲಲ್ಲಿ ಓಡಾಡಬಹುದು. ನೀರು ಮಾತ್ರ 24 ಗಂಟೆ ಬೀಳಬಾರದು. ಕೆಲವು ಸೀಲರ್‌ಗಳು ಪೂರ್ತಿ ಗಟ್ಟಿಯಾಗಲು 72 ಗಂಟೆಯವರೆಗೂ ಬೇಕು. ಅದಾದ ಮೇಲೆ ಮತ್ತೆ ಚಮಚದಲ್ಲಿ ನೀರು ಹಾಕಿ ನೋಡಿ. ಹನಿ ಮಣಿಯ ಹಾಗೆ ನಿಲ್ಲಲೇಬೇಕು ಅಂತಿಲ್ಲ, ಕೆಳಗಿನ ಕಲ್ಲು ಕಪ್ಪಾಗದಿದ್ದರೆ ಸಾಕು. ದ್ರಾವಕದ ಸೀಲರ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡಿ. ಹೊರಗೆ ಗಾಳಿಯಲ್ಲಿ ಒಂದೊಂದಾಗಿ ಹರಡಿ, ಪೂರ್ತಿ ಒಣಗಿದ ಮೇಲೆ ಬಿಸಾಡಿ.

ಮತ್ತೆ ಯಾವಾಗ ಹಚ್ಚಬೇಕು? ಶವರ್ ಜಾಗಕ್ಕೆ ಆರು ತಿಂಗಳಿಂದ ಒಂದು ವರ್ಷ, ಅಡುಗೆಮನೆ ಕಟ್ಟೆಗೆ ಸುಮಾರು ಒಂದು ವರ್ಷ, ನೆಲಕ್ಕೆ ಒಂದರಿಂದ ಮೂರು ವರ್ಷ ಅಂತ ಅಂದಾಜು ಇಟ್ಟುಕೊಳ್ಳಬಹುದು. ಆದರೆ ಕ್ಯಾಲೆಂಡರ್ ನೋಡಿ ಹಚ್ಚಬೇಡಿ, ಹನಿ ಹಾಕಿ ನೋಡಿಯೇ ಹಚ್ಚಿ. ಕುಡಿಯದ ಕಲ್ಲಿಗೆ ಮತ್ತೆ ಹಚ್ಚಿದರೆ ಸಿಗುವುದು ಪೊರೆ ಮಾತ್ರ. ದಿನಾ ಒರೆಸುವುದಕ್ಕೆ ಪಿಎಚ್ ಸಮ ಇರುವ ಕ್ಲೀನರ್ ಬಳಸಿದರೆ ಸೀಲರ್ ಹೆಚ್ಚು ಕಾಲ ಬಾಳುತ್ತದೆ. ಬಲವಾದ ಕ್ಷಾರ, ಆಸಿಡ್ ಎರಡೂ ಅದನ್ನು ಬೇಗ ಸವೆಸುತ್ತವೆ.

ಉಳಿದ ಸೀಲರ್ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಅದರ ಮೇಲೆ ಹಚ್ಚಿದ ದಿನಾಂಕ, ಯಾವ ಕೋಣೆಗೆ ಎಷ್ಟು ಕೋಟ್ ಅಂತ ಬರೆದಿಡಿ. ಡಬ್ಬಿ ಖಾಲಿಯಾಗಿದ್ದರೆ ಲೇಬಲ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಬೇರೆ ಜಾತಿಯ ಸೀಲರ್ ತಂದರೆ ಹಳೆಯದು ಅದನ್ನು ಒಳಗೆ ಬಿಡದೇ ಇರಬಹುದು, ಅದೇ ತಂದರೆ ಆ ತಲೆನೋವು ಇರುವುದಿಲ್ಲ.